ಸೆರೆಸಿಕ್ಕ ರಾಣಿ ಇರುವೆ: ಒಂದು ನಿರ್ಣಯ ಮೀಮಾಂಸೆ

ವಿಷಯ ಮತ್ತು ಸಂಶಯ

ಮುಂಗಾರಿಗೆ ಮುಂಚಿನ ಜೋರು ಮಳೆಯೊಂದು ಬಿದ್ದು ನಿಂತ ಸಂಜೆ, ಬೆಂಗಳೂರಿನ ಅಂಗಳದಲ್ಲೋ ಮಲೆನಾಡಿನ ಜಗಲಿಯ ಮೇಲೋ ದೊಡ್ಡ ಇರುವೆಯೊಂದು ಗೋಡೆಯಂಚು ಹಿಡಿದು ಒಂಟಿಯಾಗಿ ಓಡಾಡುತ್ತಿರುತ್ತದೆ. ಮೈ ಕಪ್ಪು, ರೆಕ್ಕೆ ಇಲ್ಲ, ಹಿಂದೆ ಮುಂದೆ ಸಾಲೂ ಇಲ್ಲ. ಮನೆಯ ಹುಡುಗರು ಅದನ್ನು ಬಾಟಲಿಗೆ ಹಾಕಿ ಎರಡು ಮಾತು ಕೇಳುತ್ತಾರೆ: ಇದು ರಾಣಿಯೇ? ಯಾವ ಜಾತಿಯದು? ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುವುದರಿಂದ ಎರಡೂ ಒಂದೇ ಪ್ರಶ್ನೆಯೆಂಬ ಭ್ರಮೆ ಹುಟ್ಟುತ್ತದೆ. ಅವು ಬೇರೆ ಬೇರೆ. ಮೊದಲನೆಯದಕ್ಕೆ ಒಂದು ಭೂತಗನ್ನಡಿ ಸಾಕು. ಎರಡನೆಯದರಲ್ಲಿ ಬಹಳ ಸಲ ಅರ್ಧದಾರಿಯಲ್ಲೇ ನಿಲ್ಲಬೇಕಾಗುತ್ತದೆ. ಹಾಗೆ ನಿಂತರೆ ಅದೇ ಸರಿಯಾದ ಉತ್ತರ ಎಂಬುದು ಈ ಬರಹದ ಪಕ್ಷ.

ಒಂದು ಅಧಿಕರಣಕ್ಕೆ, ಅಂದರೆ ಒಂದು ಪ್ರಶ್ನೆಯ ವಿಚಾರಣೆಗೆ, ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗಗಳನ್ನು ಹಳೆಯ ಮೀಮಾಂಸಕರು ಹೇಳಿದ್ದಾರೆ. ವೇದವಾಕ್ಯಗಳ ಅರ್ಥ ನಿರ್ಣಯಿಸಲು ಕಟ್ಟಿದ ಈ ಚೌಕಟ್ಟನ್ನು ಇರುವೆಗೆ ತೊಡಿಸುವುದು ಅತಿಯಾಯಿತು ಎನ್ನುವವರಿರಬಹುದು. ಆದರೆ ಎದುರಾಳಿಯ ಮಾತನ್ನು ಮೊದಲು ಪೂರ್ತಿ ಬಲದಿಂದ ಹೇಳಿಸಿ, ಆಮೇಲೆ ಉತ್ತರ ಕೊಡುವ ಶಿಸ್ತು ಕೀಟಶಾಸ್ತ್ರಕ್ಕೂ ಬೇಕಾದದ್ದೇ. ತಪ್ಪು ಹೆಸರುಗಳು ಹುಟ್ಟುವುದೆಲ್ಲ ಎದುರಾಳಿ ಇಲ್ಲದ ಕಡೆ.

ಮೊದಲು ಬಾಗಿಲಲ್ಲೇ ಒಂದು ಜರಡಿ. ಮಳೆ ನಿಂತೊಡನೆ ದೀಪಕ್ಕೆ ಮುತ್ತುವ ಈಸಲು ಹುಳು ಗೆದ್ದಲಿನದು, ಇರುವೆಯದಲ್ಲ. ಗೆದ್ದಲಿನ ನಾಲ್ಕೂ ರೆಕ್ಕೆ ಒಂದೇ ಅಳತೆ, ಮೀಸೆ ಮಣಿ ಪೋಣಿಸಿದಂತೆ ನೇರ, ನಡು ಎಂಬುದೇ ಇಲ್ಲ. ಇರುವೆಯ ಮುಂದಿನ ರೆಕ್ಕೆ ಹಿಂದಿನದಕ್ಕಿಂತ ದೊಡ್ಡದು, ಮೀಸೆಗೆ ಮೊಣಕೈಯಂಥ ಮಡಿಕೆ, ನಡು ಸಣ್ಣಗೆ ಗಂಟುಕಟ್ಟಿರುತ್ತದೆ. ಇಷ್ಟಾದ ಮೇಲೆ ಉಳಿದ ಮಾತು.

ಮೊದಲ ಅಧಿಕರಣ: ರಾಣಿಯೇ?

ಪೂರ್ವಪಕ್ಷದ ಮೊದಲ ಮಾತು: ದೊಡ್ಡದು ರಾಣಿ. ಮನೆಮನೆಯಲ್ಲೂ ಕೇಳುವ ಮಾತು ಇದು. ಪೂರ್ತಿ ಸುಳ್ಳೂ ಅಲ್ಲ, ಏಕೆಂದರೆ ಒಂದೇ ಗೂಡಿನಲ್ಲಿ ರಾಣಿಯೇ ಸಾಮಾನ್ಯವಾಗಿ ದೊಡ್ಡವಳು. ಆದರೆ ಗೂಡು ಕಣ್ಣೆದುರಿಗಿಲ್ಲ. ಒಂಟಿ ಇರುವೆಯ ಗಾತ್ರವನ್ನು ಯಾವುದಕ್ಕೆ ಹೋಲಿಸುವುದು? ಕಪ್ಪು ಗೊದ್ದ, ಅಂದರೆ ಕ್ಯಾಂಪೊನೋಟಸ್ ಕಂಪ್ರೆಸಸ್, ಇದರ ಕೆಲಸಗಾರರಲ್ಲೇ ದೊಡ್ಡವು ಸಣ್ಣವು ಎಂಬ ಭೇದವಿದೆ. ದೊಡ್ಡ ಕೆಲಸಗಾರನ ತಲೆ ಎಷ್ಟು ಅಗಲವೆಂದರೆ ಹೊಸಬರು ಅದನ್ನೇ ರಾಣಿಯೆಂದು ಹಿಡಿದು ತರುತ್ತಾರೆ. ಕ್ಯಾರಿಬಾರಾ ಡೈವರ್ಸಾ ಎಂಬ ದಾಳಿಕೋರ ಇರುವೆಯಲ್ಲಿ ಅತಿ ದೊಡ್ಡ ಕೆಲಸಗಾರ ಅತಿ ಸಣ್ಣದಕ್ಕಿಂತ ಸುಮಾರು 500 ಪಟ್ಟು ಭಾರ. ಇತ್ತ ಪೊನೆರಿನೇ ಗುಂಪಿನ ಅನೇಕ ಬೇಟೆ ಇರುವೆಗಳಲ್ಲಿ ರಾಣಿ ಕೆಲಸಗಾರರಿಗಿಂತ ಕೂದಲೆಳೆಯಷ್ಟೇ ದೊಡ್ಡವಳು. ಗಾತ್ರ ಒಂದು ಸುಳಿವು ಕೊಡಬಹುದು, ಪ್ರಮಾಣ ಆಗಲಾರದು.

ಎರಡನೆಯ ಮಾತು: ರೆಕ್ಕೆಯಿದ್ದರೆ ರಾಣಿ, ಇಲ್ಲದಿದ್ದರೆ ಕೆಲಸಗಾರ. ಇದು ಎರಡು ತುದಿಯಲ್ಲೂ ಬೀಳುತ್ತದೆ. ಗಂಡಿಗೂ ರೆಕ್ಕೆಯುಂಟು. ಗಂಡಿನ ತಲೆ ಸಣ್ಣ, ಕಣ್ಣು ಅದಕ್ಕೆ ಹೊಂದದಷ್ಟು ದೊಡ್ಡವು, ಮೀಸೆಯ ಬುಡದ ಕಾಂಡ ಅನೇಕ ಗುಂಪುಗಳಲ್ಲಿ ಮೋಟು, ಹೊಟ್ಟೆಯ ತುದಿಯಲ್ಲಿ ಜನನಾಂಗದ ಚಿಮುಟ. ಗೊದ್ದದಲ್ಲಿ ಗಂಡಿನ ಮೀಸೆಗೆ 13 ಗೆಣ್ಣು, ರಾಣಿಯದಕ್ಕೆ 12. ಎಣಿಸುವ ತಾಳ್ಮೆಯಿದ್ದರೆ ಸಂಶಯ ಅಲ್ಲೇ ಹರಿಯುತ್ತದೆ. ರಾತ್ರಿ ದೀಪಕ್ಕೆ ಬಂದು ಬೀಳುವ, ಕಂದು ಬಣ್ಣದ, ಉದ್ದ ಹೊಟ್ಟೆಯ ದಪ್ಪ ಹುಳುವನ್ನು ನೋಡಿ ‘ಎಂಥ ದೊಡ್ಡ ರಾಣಿ!’ ಎಂದು ಉದ್ಗರಿಸುವವರುಂಟು. ಅದು ಡೋರಿಲಸ್ ಕುಲದ ಗಂಡು. ಆ ಕುಲದ ರಾಣಿಗೆ ಹುಟ್ಟಿನಿಂದಲೇ ರೆಕ್ಕೆಯಿಲ್ಲ, ಆಕೆ ನೆಲದಡಿಯನ್ನು ಬಿಟ್ಟು ದೀಪಕ್ಕೆ ಬರುವ ಮಾತೇ ಇಲ್ಲ. ಈ ಗಂಡಿನ ಮುಂದೆ ಏಮಾರಿದವರಲ್ಲಿ ದೊಡ್ಡವರೂ ಇದ್ದಾರೆ: ಆಫ್ರಿಕದ ಡೋರಿಲಸ್ ಗಂಡೊಂದಕ್ಕೆ 1764ರಲ್ಲಿ ಹೆಸರಿಟ್ಟ ಲಿನೇಯಸ್ ಅದನ್ನು ಕಣಜವೆಂದೇ ಬಗೆದಿದ್ದ.

ಇನ್ನು ರೆಕ್ಕೆಯಿಲ್ಲದ್ದು ಕೆಲಸಗಾರನೇ ಎಂಬ ಭಾಗ. ಮಿಲನ ಮುಗಿಸಿ ನೆಲಕ್ಕಿಳಿದ ರಾಣಿ ತನ್ನ ರೆಕ್ಕೆಗಳನ್ನು ತಾನೇ ಉದುರಿಸಿಕೊಳ್ಳುತ್ತಾಳೆ. ಬಾಟಲಿಗೆ ಬೀಳುವ ರಾಣಿಯರಲ್ಲಿ ಇಂಥವರೇ ಹೆಚ್ಚು. ಹಾಗಾದರೆ ರೆಕ್ಕೆ ಇತ್ತೆಂದು ತಿಳಿಯುವುದು ಹೇಗೆ?

ಇಲ್ಲಿ ಭಾಟ್ಟ ಮೀಮಾಂಸಕರ ಅರ್ಥಾಪತ್ತಿ ಅಚ್ಚುಕಟ್ಟಾಗಿ ಕೂರುತ್ತದೆ. ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ. ಹಾಗಾದರೆ ರಾತ್ರಿ ಉಣ್ಣುತ್ತಾನೆ ಎಂದು ಒಪ್ಪದೆ ಗತಿಯಿಲ್ಲ. ಅದೇ ರೀತಿ: ಈ ಇರುವೆಯ ಎದೆ ದಪ್ಪಗಿದೆ, ರೆಕ್ಕೆಯಿಲ್ಲ, ಹಾಗಾದರೆ ಹಿಂದೆ ರೆಕ್ಕೆ ಇತ್ತು. ಎದೆಯ ಆ ದಪ್ಪಕ್ಕೆ ಹಾರುವ ಸ್ನಾಯುಗಳ ಹೊರತು ಬೇರೆ ಕಾರಣವಿಲ್ಲ.

ಹತ್ತಿರದಿಂದ ನೋಡೋಣ. ಇರುವೆಯನ್ನು ಬಾಟಲಿ ಸಮೇತ ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಓಡಾಟ ನಿಧಾನವಾಗುತ್ತದೆ. ಆಗ ಭೂತಗನ್ನಡಿಯಲ್ಲಿ ಪಕ್ಕದಿಂದ ನೋಡಿ. ಗೊದ್ದದ ಕೆಲಸಗಾರನ ಬೆನ್ನು ಕತ್ತಿನಿಂದ ನಡುವಿನವರೆಗೆ ಒಂದೇ ಕಮಾನು. ಎದೆ ತಲೆಗಿಂತ ತೆಳ್ಳಗೆ. ರಾಣಿಯ ಎದೆ ಡುಬ್ಬದಂತೆ ಮೇಲೆದ್ದಿದೆ. ಮೇಲಿನಿಂದ ನೋಡಿದರೆ ಅಗಲವಾದ ಗುರಾಣಿಯಂಥ ಫಲಕ, ಅದರ ಹಿಂದೆ ಪುಟ್ಟದೊಂದು ಫಲಕ, ನಡುವೆ ಸ್ಪಷ್ಟ ಗೆರೆ. ಕೆಲಸಗಾರನಲ್ಲಿ ಈ ಗುರಾಣಿ ಕಾಣುವುದಿಲ್ಲ, ಅಲ್ಲಿ ಕತ್ತಿನ ಹಿಂದಿನ ಮೊದಲ ಪಟ್ಟಿಯೇ ದೊಡ್ಡದು. ಗುರಾಣಿಯ ಎರಡೂ ಪಕ್ಕದಲ್ಲಿ, ಮುಂದೊಂದು ಹಿಂದೊಂದು, ಚಿಕ್ಕ ಮೊಂಡು ಗುರುತುಗಳಿವೆ: ರೆಕ್ಕೆ ಮುರಿದ ಗಾಯದ ಕಲೆಗಳು. ತಲೆಯ ನೆತ್ತಿಯ ಮೇಲೆ ಮೂರು ಹೊಳಪು ಚುಕ್ಕೆ ತ್ರಿಕೋನವಾಗಿ ಕೂತಿವೆ. ಅವು ಸರಳಗಣ್ಣುಗಳು. ಗೊದ್ದದ ಕೆಲಸಗಾರರಲ್ಲಿ ಇವು ಇಲ್ಲ. ಎದೆ, ಕಲೆ, ಚುಕ್ಕೆ ಮೂರೂ ಕೂಡಿದರೆ ರಾಣಿ ಎಂಬ ತೀರ್ಮಾನವನ್ನು ಮತ್ತೆ ಅಲುಗಿಸಬೇಕಾಗಿಲ್ಲ.

ಇಲ್ಲಿ ಚುರುಕಾದ ಎದುರಾಳಿಯೊಬ್ಬ ಎದ್ದು ನಿಲ್ಲುತ್ತಾನೆ. ‘ನೀವು ಹೇಳಿದ್ದು ದೇಹದ ಮಾತು. ರಾಣಿ ಎಂದರೆ ಮೊಟ್ಟೆಯಿಡುವವಳು. ಡಯಕಾಮ ಕುಲದಲ್ಲಿ ನಿಮ್ಮ ಗುರಾಣಿ ಎದೆಯ ಹೆಣ್ಣು ಒಂದೂ ಇಲ್ಲ, ಆದರೂ ಗೂಡು ನಡೆಯುತ್ತದೆ. ಆಗ ನಿಮ್ಮ ಲಕ್ಷಣ ಎಲ್ಲಿ ಹೋಯಿತು?’

ಆಕ್ಷೇಪ ಗಟ್ಟಿಯಾದದ್ದು, ಉತ್ತರವನ್ನೂ ಅಷ್ಟೇ ನಿಧಾನವಾಗಿ ಕೊಡಬೇಕು. ನಮ್ಮ ತೋಟ ಕಾಡುಗಳಲ್ಲಿ ಕಾಣುವ ಡಯಕಾಮ ಇಂಡಿಕಮ್‌ನಲ್ಲಿ ರಾಣಿ ಎಂಬ ದೇಹವರ್ಗವೇ ಕಳೆದುಹೋಗಿದೆ. ಡಯಕಾಮ ಹೆಣ್ಣುಗಳು ಎದೆಯ ಮೇಲೆ ರೆಕ್ಕೆಯ ಪಳೆಯುಳಿಕೆಯಂಥ ಎರಡು ಪುಟ್ಟ ಮೊಗ್ಗು ಹೊತ್ತು ಹುಟ್ಟುತ್ತವೆ. ಮೊಗ್ಗು ಉಳಿಸಿಕೊಂಡ ಒಂದೇ ಒಂದು ಹೆಣ್ಣು ಗಂಡಿನೊಡನೆ ಕೂಡಿ ಮೊಟ್ಟೆಯಿಡುತ್ತದೆ. ಉಳಿದವುಗಳ ಮೊಗ್ಗನ್ನು ಅವು ಹುಟ್ಟಿದ ಕೂಡಲೇ ಕಚ್ಚಿ ಕಿತ್ತುಹಾಕಲಾಗುತ್ತದೆ. ಹೀಗೆ ಗಂಡಿನೊಡನೆ ಕೂಡಿ ಮೊಟ್ಟೆಯಿಡುವ ಕೆಲಸಗಾರ ಹೆಣ್ಣಿಗೆ ಗ್ಯಾಮರ್‌ಗೇಟ್ ಎಂದು ಹೆಸರು. ಕರ್ನಾಟಕದಲ್ಲೇ ಸಿಗುವ ಜಿಗಿಯುವ ಇರುವೆ ಹಾರ್ಪೆಗ್ನಾಥಸ್ ಸಾಲ್ಟೇಟರ್ ಕತೆ ಇನ್ನೂ ವಿಚಿತ್ರ. ಅಲ್ಲಿ ರೆಕ್ಕೆಯ ರಾಣಿಯೂ ಇದ್ದಾಳೆ. ಆಕೆ ಸತ್ತ ಮೇಲೆ ಕೆಲಸಗಾರರು ಮೀಸೆಯಿಂದ ಮೀಸೆಗೆ ಹೊಡೆದಾಡಿ, ಗೆದ್ದ ಕೆಲವರು ಗ್ಯಾಮರ್‌ಗೇಟ್ ಆಗುತ್ತಾರೆ. ಹಾಗಾದವರ ಮಿದುಳು ಸುಮಾರು ಐದರಲ್ಲೊಂದು ಪಾಲು ಕುಗ್ಗುತ್ತದೆ, ಮತ್ತೆ ಕೆಲಸಗಾರರಾದರೆ ಹಿಗ್ಗುತ್ತದೆ.

ಆದರೂ ನಮ್ಮ ಸಿದ್ಧಾಂತಕ್ಕೆ ಹಾನಿಯಿಲ್ಲ. ನಮ್ಮ ವಿಷಯ ಸೆರೆಸಿಕ್ಕ ಒಂಟಿ ಇರುವೆ. ಗ್ಯಾಮರ್‌ಗೇಟ್ ಗೂಡು ಬಿಟ್ಟು ಒಬ್ಬಳೇ ಹಾರಿ ಹೊಸ ಮನೆ ಹೂಡುವವಳಲ್ಲ. ಅವಳ ಸ್ಥಾನವನ್ನು ಗೂಡಿನೊಳಗಿನ ನಡತೆಯಿಂದ ಮಾತ್ರ ತಿಳಿಯಬಹುದು. ಬಾಟಲಿಯ ಇರುವೆಯ ಬಗ್ಗೆ ನಾವು ಹೇಳಬಲ್ಲದ್ದು ದೇಹವರ್ಗವನ್ನು ಮಾತ್ರ, ಅಧಿಕಾರವನ್ನಲ್ಲ. ಎದುರಾಳಿ ಗೆದ್ದದ್ದು ಇಷ್ಟು: ಡಯಕಾಮದಂಥ ಕುಲದ ಇರುವೆ ಸಿಕ್ಕರೆ ‘ರಾಣಿಯೇ?’ ಎಂಬ ಪ್ರಶ್ನೆಯನ್ನೇ ಕೈಬಿಡಬೇಕು. ಒಪ್ಪಿಕೊಂಡೆ.

ಇನ್ನೊಂದು ಉಪಶಂಕೆ: ರೆಕ್ಕೆ ಉದುರಿದೆ ಎಂದರೆ ಗಂಡಿನೊಡನೆ ಕೂಡಿದ್ದಾಳೆ ಎಂದರ್ಥವಲ್ಲವೇ? ಅಲ್ಲ. ಕೂಡದ ರಾಣಿಯರೂ ರೆಕ್ಕೆ ಉದುರಿಸುವುದುಂಟು. ವೀರ್ಯ ಕೂಡಿಡುವ ಚೀಲ ಹೊಟ್ಟೆಯೊಳಗಿದೆ, ಹೊರಗಿನಿಂದ ಕಾಣದು. ಇರುವೆಗಳಲ್ಲಿ ಫಲಿತ ಮೊಟ್ಟೆ ಹೆಣ್ಣಾಗುತ್ತದೆ, ಫಲಿಸದ್ದು ಗಂಡಾಗುತ್ತದೆ. ಮೊದಲ ಸಂತಾನದಲ್ಲಿ ಕೆಲಸಗಾರರು ಬಂದರೆ ಕೂಡಿದ್ದು ನಿಜ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರುವುದು ಲೇಸು.

ಎರಡನೆಯ ಅಧಿಕರಣ: ಯಾವ ಪ್ರಭೇದ?

ಇಲ್ಲಿ ಪೂರ್ವಪಕ್ಷ ಬಹುಮುಖ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದರೆ ಸಾಕು ಎನ್ನುತ್ತದೆ ಒಂದು. ಬಣ್ಣ ನೋಡಿದರೆ ಸಾಕು ಎನ್ನುತ್ತದೆ ಇನ್ನೊಂದು. ಡಿಎನ್‌ಎ ಇರುವಾಗ ಈ ಮೀಸೆ ಎಣಿಕೆ ಏಕೆ ಎನ್ನುತ್ತದೆ ಮೂರನೆಯದು. ನಾಲ್ಕನೆಯದು ಇವೆಲ್ಲಕ್ಕಿಂತ ಜಾಣ, ಅದನ್ನು ಕೊನೆಗಿಟ್ಟುಕೊಳ್ಳುತ್ತೇನೆ.

ಬಣ್ಣವಾದಿಗೆ ಉತ್ತರ ಚಿಕ್ಕದು. ಚಗಳಿ ಇರುವೆಯನ್ನೇ ತೆಗೆದುಕೊಳ್ಳಿ. ಮಲೆನಾಡಿನಲ್ಲಿ ಚಟ್ನಿಗೆ ಬೀಳುವ ಕೆಲಸಗಾರ ಕಿತ್ತಳೆಗೆಂಪು. ಅದೇ ಈಕೊಫಿಲಾ ಸ್ಮರಾಗ್ಡಿನಾದ ರಾಣಿ ಹಸಿರುಮಿಶ್ರ ಕಂದು, ಮೈಯೂ ಹಲವು ಪಟ್ಟು ದಪ್ಪ. ಬಣ್ಣ ನೋಡಿ ಹೊರಟವನು ತಾಯಿಯನ್ನೂ ಮಕ್ಕಳನ್ನೂ ಬೇರೆ ಬೇರೆ ಪುಟದಲ್ಲಿ ಬರೆಯುತ್ತಾನೆ. ಆಗಷ್ಟೇ ಕೋಶದಿಂದ ಹೊರಬಂದ ಇರುವೆ ಯಾವ ಪ್ರಭೇದದ್ದಾದರೂ ಮಸುಕು ಬಣ್ಣದ್ದೇ. ಹಾಗೆಂದು ಬಣ್ಣ ಪೂರ್ತಿ ನಿಷ್ಪ್ರಯೋಜಕವೂ ಅಲ್ಲ: ಹೊಟ್ಟೆಯ ಮೇಲೆ ಚಿನ್ನದ ಮಿರುಗಿನ ರೋಮ ಹೊದ್ದ ಕ್ಯಾಂಪೊನೋಟಸ್ ಸೆರಿಸಿಯಸ್ ಅನ್ನು ನೋಡಿದವರು ಮರೆಯುವುದಿಲ್ಲ. ಬಣ್ಣ ಕೊನೆಯ ಸಾಕ್ಷಿಯಾಗಿ ಬರಲಿ, ಮೊದಲ ಸಾಕ್ಷಿಯಾಗಿ ಬೇಡ.

ಮೊದಲ ಸಾಕ್ಷಿ ನಡುವಿನ ಗಂಟು. ಎದೆಗೂ ಹೊಟ್ಟೆಗೂ ನಡುವೆ ಗಂಟು ಒಂದೇ, ಎರಡೇ? ಎರಡಿದ್ದರೆ ಬಹುತೇಕ ಮಿರ್ಮಿಸಿನೇ ಉಪಕುಟುಂಬ. ಎರಡು ಗಂಟಿನ ಜತೆಗೆ ಉದ್ದನೆ ಮೈ, ಕೆಂಪು ಎದೆ, ಕಪ್ಪು ತಲೆ, ಕಪ್ಪು ಹೊಟ್ಟೆ ಇದ್ದು ಚೆನ್ನಾಗಿ ಕುಟುಕಿದರೆ ಅದು ಮರದ ಇರುವೆ ಟೆಟ್ರಪೊನೆರಾ ರೂಫೊನೈಗ್ರಾ, ಬೇರೆ ಉಪಕುಟುಂಬದ್ದು. (ಕುಟುಕಿಸಿಕೊಂಡು ಗುರುತಿಸುವ ವಿಧಾನವನ್ನು ನಾನು ಶಿಫಾರಸು ಮಾಡುತ್ತಿಲ್ಲ.) ಎರಡನೆಯ ಗಂಟು ಹೊಟ್ಟೆಯ ಎದುರಿಗೆ ಸೇರದೆ ಅದರ ಮೇಲ್ಮೈಗೆ ಅಂಟಿದ್ದರೆ ಕ್ರೆಮಟೊಗ್ಯಾಸ್ಟರ್, ಮರದಲ್ಲಿ ರಟ್ಟಿನಂಥ ಗೂಡು ಕಟ್ಟುವುದು ಈ ಕುಲವೇ. ಮೀಸೆಯ ತುದಿ ಎರಡೇ ಗೆಣ್ಣಿನ ಗದೆಯಾಗಿ ಉಬ್ಬಿದ್ದರೆ ಸೊಲೆನಾಪ್ಸಿಸ್ ಕಡೆಗೆ ಕಣ್ಣು ಹಾಯಿಸಬೇಕು, ಮೂರಾಗಿದ್ದರೆ ಫೀಡೋಲೆಯನ್ನೂ ನೆನೆಯಬೇಕು.

ಗಂಟು ಒಂದೇ ಇದ್ದರೆ ಹೊಟ್ಟೆಯ ತುದಿ ನೋಡಿ. ಅಲ್ಲಿ ರೋಮದ ಉಂಗುರ ಕಟ್ಟಿದ ದುಂಡು ರಂಧ್ರವಿದ್ದರೆ ಫಾರ್ಮಿಸಿನೇ: ಕುಟುಕುವ ಮುಳ್ಳಿಲ್ಲ, ಫಾರ್ಮಿಕ್ ಆಮ್ಲ ಚಿಮ್ಮಿಸುವ ನಳಿಗೆ ಅದು. ಗೊದ್ದ, ಚಗಳಿ ಎರಡೂ ಇಲ್ಲಿಗೇ ಸೇರುತ್ತವೆ. ದುಂಡು ರಂಧ್ರದ ಬದಲು ಅಡ್ಡ ಸೀಳಿದ್ದರೆ ಡೊಲಿಕೊಡೆರಿನೇ. ಮುಳ್ಳಿದ್ದು, ಹೊಟ್ಟೆಯ ಮೊದಲ ಎರಡು ಪಟ್ಟಿಗಳ ನಡುವೆ ಹಗ್ಗ ಬಿಗಿದಂತೆ ಸೊರಗಿದ್ದರೆ ಪೊನೆರಿನೇ. ಹಳೆಯ ಮೀಮಾಂಸಕರ ಅನುಪಲಬ್ಧಿಗೆ ಇದು ಚೆನ್ನಾದ ಜಾಗ: ಎರಡನೆಯ ಗಂಟು ಇಲ್ಲ, ಮುಳ್ಳು ಇಲ್ಲ ಎಂಬ ಇಲ್ಲಗಳೇ ಇಲ್ಲಿ ಜ್ಞಾನ. ಆದರೆ ‘ಕಾಣಲಿಲ್ಲ’ ಎಂಬುದು ‘ಇಲ್ಲ’ ಆಗಬೇಕಾದರೆ, ಇದ್ದಿದ್ದರೆ ಕಾಣುವಷ್ಟು ಬೆಳಕೂ ಭೂತಗನ್ನಡಿಯ ಬಲವೂ ಇದ್ದಿರಬೇಕು. ಫೋಟೊವಾದಿಗೆ ಉತ್ತರ ಇಲ್ಲಿಂದಲೇ ಸಿಗುತ್ತದೆ. ಮೇಲಿನಿಂದ ತೆಗೆದ ಒಂದು ಮಸುಕು ಚಿತ್ರದಲ್ಲಿ ಗಂಟು ಕಾಣದು, ರಂಧ್ರ ಕಾಣದು, ಅಳತೆ ತಿಳಿಯದು. ಪಕ್ಕದಿಂದೊಂದು, ಮುಖದ ಎದುರಿನಿಂದೊಂದು, ಮೇಲಿನಿಂದೊಂದು ಚಿತ್ರ ತೆಗೆದು, ಪಕ್ಕದಲ್ಲಿ ಮಿಲಿಮೀಟರ್ ಪಟ್ಟಿಯಿಟ್ಟು, ಊರು, ತಾರೀಖು, ಹೊತ್ತು ಬರೆದರೆ ಫೋಟೊ ಸಾಕ್ಷಿಯಾಗುತ್ತದೆ. ಇವಿಲ್ಲದ ಫೋಟೊ ಬರೀ ಚಿತ್ರ.

ಡಿಎನ್‌ಎ ಪಕ್ಷ: ಜೀವಕೋಶದ ಸಿಓಐ ಎಂಬ ಜೀನಿನ ತುಣುಕನ್ನು ಬಾರ್‌ಕೋಡ್‌ನಂತೆ ಓದುವ ವಿಧಾನವನ್ನು ಕೆನಡಾದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಮುಂದಿಟ್ಟರು. ಒಳ್ಳೆಯ ವಿಧಾನ. ಆದರೆ ಬಾರ್‌ಕೋಡ್ ಓದುವ ಯಂತ್ರಕ್ಕೆ ದರಪಟ್ಟಿ ಬೇಕು. ಯಾರೋ ಒಬ್ಬರು ಮೊದಲೇ ಗಂಟು, ಮೀಸೆ ನೋಡಿ ಸರಿಯಾಗಿ ಹೆಸರಿಟ್ಟ ಮಾದರಿಯ ಡಿಎನ್‌ಎ ಪಟ್ಟಿಯಲ್ಲಿದ್ದರಷ್ಟೇ ನಿಮ್ಮದು ಅದಕ್ಕೆ ಹೊಂದೀತು. ಅಂದರೆ ಹೊಸ ಪ್ರಮಾಣ ಹಳೆಯ ಪ್ರಮಾಣದ ಹೆಗಲ ಮೇಲೆಯೇ ಕೂತಿದೆ. ಮೇಲಾಗಿ ಜೀವಂತ ರಾಣಿಯ ಕಾಲೊಂದನ್ನು ಕಿತ್ತು ಕಳಿಸಲು ಮನೆಯಲ್ಲಿ ಸಾಕಹೊರಟ ಯಾರೂ ಒಪ್ಪಲಾರರು.

ಈಗ ಜಾಣ ಎದುರಾಳಿ. ‘ಉಪಕುಟುಂಬ, ಕುಲದವರೆಗೆ ಬಂದಿರಿ. ಇನ್ನೆರಡು ಹೆಜ್ಜೆ ನಡೆದು ಪ್ರಭೇದವನ್ನೂ ಹೇಳಿಬಿಡಬಾರದೇಕೆ? ಕಪ್ಪು, ದೊಡ್ಡದು, ಗೊದ್ದದ ಕುಲ, ಬೆಂಗಳೂರಲ್ಲಿ ಸಿಕ್ಕಿದೆ. ಅಲ್ಲಿ ಎಲ್ಲೆಲ್ಲೂ ಇರುವುದು ಕಂಪ್ರೆಸಸ್. ಅದೇ ಇರಬೇಕು. ನಿಮ್ಮ ಸಂಕೋಚ ವಿನಯದ ವೇಷ ಹಾಕಿದ ಸೋಮಾರಿತನ.’

ಮಾತು ಚುಚ್ಚುತ್ತದೆ, ಆದರೆ ತರ್ಕದಲ್ಲಿ ಬಿರುಕಿದೆ. ಕ್ಯಾಂಪೊನೋಟಸ್ ಜಗತ್ತಿನ ಅತಿ ದೊಡ್ಡ ಇರುವೆ ಕುಲಗಳಲ್ಲೊಂದು, ಪ್ರಭೇದಗಳು ಸಾವಿರಕ್ಕೂ ಹೆಚ್ಚು. ಭಾರತದ ಒಟ್ಟು ಇರುವೆಗಳೇ 800 ಪ್ರಭೇದಗಳನ್ನು ಮೀರಿವೆ. ಅವನ್ನು ಬೇರ್ಪಡಿಸುವ ಕೀಲಿಗಳು, ಅಂದರೆ ಲಕ್ಷಣಗಳನ್ನು ಒಂದೊಂದಾಗಿ ಕೇಳುತ್ತ ಹೆಸರಿಗೆ ಒಯ್ಯುವ ಪಟ್ಟಿಗಳು, ಬಹುಪಾಲು ಕೆಲಸಗಾರರ ಮೈ ನೋಡಿ ಬರೆದವು. ಟಿ.ಸಿ. ಜರ್ಡನ್ 1851ರಲ್ಲಿ ದಕ್ಷಿಣ ಭಾರತದ ಇರುವೆಗಳ ಪಟ್ಟಿ ಮಾಡಿದಾಗಲೂ, ಸಿ.ಟಿ. ಬಿಂಗ್‌ಹ್ಯಾಮ್ 1903ರಲ್ಲಿ ಬ್ರಿಟಿಷ್ ಇಂಡಿಯಾದ ಇರುವೆಗಳ ಮೇಲೆ ಇಂದಿಗೂ ತೆರೆಯಬೇಕಾಗುವ ಆ ಸಂಪುಟ ಬರೆದಾಗಲೂ ಕೈಗೆ ಹೆಚ್ಚಾಗಿ ಸಿಕ್ಕಿದ್ದು ಕೆಲಸಗಾರರೇ. ರಾಣಿ ವರ್ಷಕ್ಕೊಮ್ಮೆ ಮಳೆಯ ಸಂಜೆ ಮಾತ್ರ ಹೊರಗೆ ಕಾಣುವವಳು. ಅಜಯ್ ನರೇಂದ್ರ ಮತ್ತು ಎಂ. ಸುನಿಲ್ ಕುಮಾರ್ 2006ರಲ್ಲಿ ತಂದ ದಕ್ಷಿಣ ಭಾರತದ ಇರುವೆಗಳ ಕೈಪಿಡಿ ಹಿಡಿದು ಅಂಗಳದಲ್ಲಿ ಓಡಾಡಿದವರಿಗೂ ಈ ಅನುಭವವಿದೆ: ಸಾಲಿನಲ್ಲಿ ಹೋಗುವ ಇರುವೆಯನ್ನು ಪುಸ್ತಕ ಗುರುತಿಸಿಕೊಡುತ್ತದೆ, ಒಂಟಿ ರಾಣಿಯ ಮುಂದೆ ತಡವರಿಸುತ್ತದೆ. ಎದೆಯ ಆಕಾರ ಕೀಲಿಯ ಮುಖ್ಯ ಲಕ್ಷಣವಾಗಿರುವಾಗ, ಹಾರಲು ಎದೆಯನ್ನೇ ಬದಲಿಸಿಕೊಂಡವಳನ್ನು ಆ ಕೀಲಿ ಹೇಗೆ ತೆರೆದೀತು? ‘ಇಲ್ಲಿ ಅದೇ ಹೆಚ್ಚು, ಆದ್ದರಿಂದ ಇದೂ ಅದೇ’ ಎಂಬುದು ಸಂಭವದ ಮಾತು. ಸಂಭವವನ್ನು ಸಂಭವ ಎಂದೇ ಬರೆದರೆ ತಕರಾರಿಲ್ಲ. ‘ಬಹುಶಃ’ ಎಂಬ ಪದವನ್ನು ಅಳಿಸಿದ ಕ್ಷಣ ಅದು ಸುಳ್ಳು ಸಾಕ್ಷಿ.

ಹಾಗಾದರೆ ದಾರಿ? ಕಾಯುವುದು. ಮೂರನೇ ಒಂದು ಭಾಗ ನೀರು ತುಂಬಿ ಹತ್ತಿಯಿಂದ ಬಿಗಿದ ಟೆಸ್ಟ್ ಟ್ಯೂಬಿನ ಒಣಭಾಗದಲ್ಲಿ ರಾಣಿಯನ್ನು ಬಿಟ್ಟು, ಬಾಯಿಗೂ ಹತ್ತಿಯಿಟ್ಟು, ಕತ್ತಲಲ್ಲಿಡಬೇಕು. ಪದೇ ಪದೇ ಎತ್ತಿ ನೋಡಿದರೆ ಗಾಬರಿಗೊಂಡು ತನ್ನ ಮೊಟ್ಟೆಯನ್ನೇ ತಿಂದುಬಿಡುತ್ತಾಳೆ. ಮರಿಗಳೂ ಮಾತಾಡುತ್ತವೆ: ಗೊದ್ದದ ಮರಿ ರೇಷ್ಮೆಯ ಗೂಡು ಸುತ್ತಿಕೊಂಡು ಕೋಶವಾಗುತ್ತದೆ, ಮಿರ್ಮಿಸಿನೇ ಕೋಶ ಬತ್ತಲೆ, ಎಲೆ ಹೊಲಿಯಲು ಮರಿಗಳ ರೇಷ್ಮೆಯನ್ನೆಲ್ಲ ಖರ್ಚು ಮಾಡುವ ಚಗಳಿಯದೂ ಬತ್ತಲೆಯೇ. ಕೆಲವು ವಾರಗಳಲ್ಲಿ ಬರುವ ಮೊದಲ ಕೆಲಸಗಾರರು ಕುಳ್ಳರು, ಅವರನ್ನು ಅಳೆದು ತೀರ್ಪು ಕೊಡಬಾರದು. ಎರಡನೆಯ ಮೂರನೆಯ ಸರದಿಯವರು ಪೂರ್ಣ ಗಾತ್ರದತ್ತ ಬೆಳೆದಾಗ ಸತ್ತ ಒಂದಿಬ್ಬರನ್ನು ಆಲ್ಕೋಹಾಲಿನಲ್ಲಿಟ್ಟು ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗದಂಥ ಕಡೆ ಬಲ್ಲವರಿಗೆ ತೋರಿಸಬೇಕು. ಪ್ರಭೇದದ ಹೆಸರು ಆಗ ಬರಲಿ.

ಪ್ರಯೋಜನದ ಆಕ್ಷೇಪ

ಕೊನೆಯ ಎದುರಾಳಿ ಹೆಸರಿನ ಉಪಯೋಗವನ್ನೇ ಕೇಳುತ್ತಾನೆ: ಗೊತ್ತಾದರೇನು, ಗೊತ್ತಾಗದಿದ್ದರೇನು? ಉತ್ತರ ರಾಣಿಯ ಹೊಟ್ಟೆಪಾಡಿನಲ್ಲಿದೆ. ಗೊದ್ದದ ರಾಣಿ ಮುಚ್ಚಿದ ಕೋಣೆಯಲ್ಲಿ ಹಗಲೂ ಉಣ್ಣಳು, ರಾತ್ರಿಯೂ ಉಣ್ಣಳು. ಇನ್ನು ಬೇಡವಾದ ಹಾರುವ ಸ್ನಾಯುಗಳನ್ನೇ ಕರಗಿಸಿ ಮೊದಲ ಮಕ್ಕಳನ್ನು ಸಾಕುತ್ತಾಳೆ. ಅವಳಿಗೆ ಆಹಾರ ಹಾಕುವುದೆಂದರೆ ತೊಂದರೆ ಕೊಡುವುದು. ಪೊನೆರಿನೇ ರಾಣಿ ಸಾಮಾನ್ಯವಾಗಿ ಹಾಗಲ್ಲ, ಹೊರಗೆ ಹೋಗಿ ಬೇಟೆಯಾಡಿ ಮಕ್ಕಳಿಗೆ ತರುವವಳು. ಅವಳಿಗೆ ಹುಳ ಕೊಡದಿದ್ದರೆ ಮನೆ ಹಾಳು. ರಾಬರ್ಟೊ ಕೆಲ್ಲರ್, ಕ್ರಿಶ್ಚಿಯನ್ ಪೀಟರ್ಸ್, ಪಟ್ರೀಸಿಯಾ ಬೆಲ್ಡಾಡೆ 2014ರಲ್ಲಿ ತೋರಿಸಿದಂತೆ ಈ ಭೇದ ರಾಣಿಯ ಕತ್ತಿನ ಹಿಂದಿನ ಪಟ್ಟಿಯಲ್ಲೇ ಬರೆದಿದೆ: ಉಪವಾಸ ಕೂರುವವಳಲ್ಲಿ ಆ ಪಟ್ಟಿ ಕಿರಿದು, ಹೊರಗೆ ದುಡಿಯುವವಳಲ್ಲಿ ಅಗಲ. ಗಮನಿಸಿ, ಊಟದ ಈ ನಿರ್ಣಯಕ್ಕೆ ಪ್ರಭೇದದ ಹೆಸರು ಬೇಕಾಗಲಿಲ್ಲ. ಸಾಕುವವನಿಗೆ ತುರ್ತಾಗಿ ಬೇಕಾದದ್ದೆಲ್ಲ ನಾವು ನಿಂತ ಅರ್ಧದಾರಿಯಲ್ಲೇ ಸಿಕ್ಕಿತು.

ಪೂರ್ತಿ ಹೆಸರು ಬೇಕಾಗುವುದು ಇರುವೆ ಊರು ದಾಟುವಾಗ. 2025ರಲ್ಲಿ ಕೀನ್ಯಾದಲ್ಲಿ ಇಬ್ಬರು ಬೆಲ್ಜಿಯಂ ತರುಣರು ಸುಮಾರು 5000 ಇರುವೆಗಳನ್ನು ಟ್ಯೂಬುಗಳಲ್ಲಿ ಹತ್ತಿ ಸಮೇತ ತುಂಬಿಟ್ಟುಕೊಂಡು ಸಿಕ್ಕಿಬಿದ್ದರು. ಸೆರೆಯಾದದ್ದರಲ್ಲಿ ಬೆಲೆಬಾಳುವುದು ಮೆಸ್ಸರ್ ಸೆಫಲೋಟಿಸ್ ಎಂಬ ದೊಡ್ಡ ಕಾಳು ಇರುವೆಯ ರಾಣಿ. ನೈರೋಬಿಯ ನ್ಯಾಯಾಲಯ ತಲಾ 10 ಲಕ್ಷ ಕೀನ್ಯಾ ಶಿಲಿಂಗ್ ದಂಡ, ತಪ್ಪಿದರೆ ವರ್ಷ ಸೆರೆ ಎಂದಿತು. ಇತ್ತ ಅಮೆರಿಕದ ಉಷ್ಣವಲಯದಿಂದ ಬಂದ ಸೊಲೆನಾಪ್ಸಿಸ್ ಜೆಮಿನಾಟಾ ನಮ್ಮ ಹೊಲಗಳಲ್ಲಿ ಈಗಾಗಲೇ ನೆಲೆಯೂರಿದೆ; ಅದರ ರಾಣಿಯನ್ನು ಗುರುತಿಸದೆ ಒಂದೂರಿಂದ ಇನ್ನೊಂದೂರಿಗೆ ಒಯ್ದು ಬಿಡುವುದು ಸಣ್ಣ ತಪ್ಪಲ್ಲ.

ಆದ್ದರಿಂದ ನಿಮ್ಮ ಬಾಟಲಿಯ ಮೇಲೆ ಇಂಥ ಚೀಟಿ ಅಂಟಿಸಿ: ‘ಕ್ಯಾಂಪೊನೋಟಸ್ ಕುಲ, ರಾಣಿ, ರೆಕ್ಕೆ ಉದುರಿದ್ದು, ಬಹುಶಃ ಕಂಪ್ರೆಸಸ್, ಊರು, ತಾರೀಖು, ಹೊತ್ತು.’ ಪ್ರಯೋಗಾಲಯದಲ್ಲಿ ತೋಟದ ಕಪ್ಪು ಇರುವೆಯ ರಾಣಿಯೊಬ್ಬಳು 28 ವರ್ಷಕ್ಕೂ ಮಿಗಿಲು ಬದುಕಿದ ದಾಖಲೆಯಿದೆ. ಅಷ್ಟು ಕಾಲ ನೋಡಿಕೊಳ್ಳುವ ಮನಸ್ಸಿಲ್ಲದಿದ್ದರೆ ಚೀಟಿಯನ್ನು ಇಟ್ಟುಕೊಂಡು ರಾಣಿಯನ್ನು ಹಿಡಿದ ಜಾಗದಲ್ಲೇ, ಅದೇ ರಾತ್ರಿ ಬಿಟ್ಟುಬಿಡಿ.